ಕೂಲಿ ಪುಸ್ತಕ, 40 ರೂಪಾಯಿ: ಜೀನ್ಸ್ ಹೊಲಿಯುವವರಿಗೆ ಎಷ್ಟು ಉಪಯೋಗ?

ಬಳ್ಳಾರಿಯ ಒಂದು ಚರ್ಚಿನ ಯುವಕರ ಕೂಟ ಜೀನ್ಸ್ ಕೆಲಸಗಾರರಿಗಾಗಿ ಅಚ್ಚು ಹಾಕಿಸಿರುವ ಲೆಕ್ಕದ ಪುಸ್ತಕ ಇದು. ಒಟ್ಟು 112 ಪುಟ. ವಾರಕ್ಕೆ ಎದುರುಬದುರು ಎರಡು ಪುಟದಂತೆ 104 ಪುಟ ವರ್ಷಕ್ಕೆ ಸಾಲುತ್ತವೆ, ಕೊನೆಯ 8 ಪುಟ ಹತ್ತಿ ಬಿಡಿಸುವವರಿಗೆ. ಎಡಪುಟದಲ್ಲಿ ದಿನದಿನದ ಪೀಸ್ ಲೆಕ್ಕ, ಬಲಪುಟದಲ್ಲಿ ಶನಿವಾರದ ಬಟವಾಡೆ, ನೆತ್ತಿಯ ಮೇಲೆ ಕೂಲಿಯ ಬಗ್ಗೆ ಬೈಬಲಿನ ಒಂದು ವಾಕ್ಯ. ವಾಕ್ಯ ಬರೀ ಅಲಂಕಾರಕ್ಕೆ ಇದೆಯೋ, ಕೆಳಗಿನ ಕಾಲಂಗೆ ಅದರಿಂದ ಏನಾದರೂ ಬಲ ಬರುತ್ತದೆಯೋ ಎಂಬುದನ್ನೇ ಇಲ್ಲಿ ನೋಡಬೇಕು. ಬಹುತೇಕ ಪುಟಗಳಲ್ಲಿ ಬಲ ಬರುತ್ತದೆ. ಒಂದು ಕಡೆ ಮಾತ್ರ ಪೂರಾ ಕೈಕೊಟ್ಟಿದೆ.

ಎಡಪುಟದ ಕಾಲಂಗಳು ಇವು: ದಿನಾಂಕ, ಬಂಡಲ್ ನಂಬರ್, ಕೆಲಸ (ಜಿಪ್, ಜೇಬು, ಸೈಡ್, ಬೆಲ್ಟ್, ಲೂಪ್, ಬಾಟಮ್), ತಗೊಂಡ ಪೀಸ್, ಕೊಟ್ಟ ಪೀಸ್, ರೇಟು. ತಗೊಂಡದ್ದಕ್ಕೂ ಕೊಟ್ಟದ್ದಕ್ಕೂ ಬೇರೆ ಬೇರೆ ಕಾಲಂ ಕೊಟ್ಟವರು ಮಷಿನ್ ಮುಂದೆ ಕೂತು ಗೊತ್ತಿರುವವರೇ ಇರಬೇಕು. ಕಟಿಂಗ್ ಟೇಬಲ್ಲಿನಲ್ಲಿ ಬಟ್ಟೆಯನ್ನು ಪದರ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಕಲೆ, ತೂತು, ಬಣ್ಣದ ವ್ಯತ್ಯಾಸ ಇರುವ ಪೀಸನ್ನು ಆಮೇಲೆ ತೆಗೆಯುತ್ತಾರೆ, ಬಂಡಲ್ ಮೇಲಿನ ಎಣಿಕೆಯ ಚೀಟಿ ತಿದ್ದುವುದಿಲ್ಲ. ಚೀಟಿಯಲ್ಲಿ 50, ಒಳಗೆ 48. ಟೈಲರ್ ಎಣಿಸದೆ ತಗೊಂಡು 50 ಎಂದು ಬರೆದುಕೊಂಡರೆ ಶನಿವಾರ ಎರಡು ಪೀಸ್ ಕಳೆದವನು ಅವನೇ ಆಗುತ್ತಾನೆ. ದಿನಕ್ಕೆ 6 ಬಂಡಲ್, ವಾರಕ್ಕೆ 6 ದಿನ, ಬಂಡಲ್‌ಗೆ 2 ಪೀಸ್ ಕಡಿಮೆ ಅಂದರೆ 72 ಪೀಸ್. ಉದಾಹರಣೆಗೆ ಪೀಸಿಗೆ 1 ರೂಪಾಯಿ 75 ಪೈಸೆ ಹಿಡಿದರೂ 126 ರೂಪಾಯಿಯ ಜಗಳ. ಮಾಲೀಕ ಮೋಸಗಾರನಾಗಿರಬೇಕಿಲ್ಲ. ಎರಡೂ ಕಡೆಯವರು ಎಣಿಸದಿದ್ದರೆ ಸಾಕು.

ರೇಟಿನ ಕಾಲಂ ಮೇಲೆ ಹಾಕಿರುವ ವಾಕ್ಯ ಆದಿಕಾಂಡ 31:7. ನಿಮ್ಮ ತಂದೆ ನನ್ನ ಸಂಬಳವನ್ನು ಹತ್ತು ಸಲ ಬದಲಿಸಿದ ಎಂದು ಯಾಕೋಬ ತನ್ನ ಹೆಂಡಿರ ಮುಂದೆ ಹೇಳಿಕೊಳ್ಳುವ ಮಾತು. ಲಾಬಾನ ಮಾವನೂ ಹೌದು, ಮಾಲೀಕನೂ ಹೌದು. ನೆಂಟಸ್ತನದ ಮೇಲೆ ನಡೆಯುವ ಸಣ್ಣ ಯೂನಿಟ್ಟುಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾದರಿ ಬದಲಾದಾಗಲೇ ರೇಟು ತಪ್ಪುವುದು: ಮಾಮೂಲಿ ಐದು ಜೇಬಿನ ಪ್ಯಾಂಟಿನ ರೇಟಿನಲ್ಲೇ ಹೆಚ್ಚು ಜೇಬಿನ ಕಾರ್ಗೋ ಬಂದಿರುತ್ತದೆ, ಸಿಂಗಲ್ ಹೊಲಿಗೆ ಇದ್ದಲ್ಲಿ ಡಬಲ್ ಆಗಿರುತ್ತದೆ. ಮೊದಲ ಪೀಸ್ ಮಷಿನ್ನಿಗೆ ಕೊಡುವ ಮೊದಲೇ ರೇಟು ಕೇಳಿ ಬರೆಯಿರಿ ಎಂದು ಪುಸ್ತಕದ ಒಳರಟ್ಟಿನಲ್ಲಿ ಸೂಚನೆ ಇದೆ. ಅದಕ್ಕೊಂದು ಮಾತು ಸೇರಿಸಬೇಕು: ಪೆನ್ನಿನಲ್ಲೇ ಬರೆಯಿರಿ, ಪೆನ್ಸಿಲ್ ಬೇಡ. ಮಾಲೀಕರು ಸಹಿ ಹಾಕಲು ಒಪ್ಪುವುದು ಕಡಿಮೆ. ಹಾಗಾಗಿ ಬಂಡಲ್ ಚೀಟಿಯನ್ನು ಅದೇ ದಿನದ ಪುಟದ ಮೇಲಿಟ್ಟು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ಸಹಿ ಇಲ್ಲದಿದ್ದರೂ ದಿನಾಂಕಕ್ಕೆ ಸಾಕ್ಷಿ ಉಳಿಯುತ್ತದೆ.

ಬಲಪುಟದಲ್ಲಿ ‘ಕೊಡಬೇಕಾದ ದಿನ’, ‘ಕೊಟ್ಟ ದಿನ’ ಎಂದು ಎರಡು ಮನೆ ಮಾಡಿದ್ದಾರೆ. ಮೇಲೆ ಧರ್ಮೋಪದೇಶಕಾಂಡ 24:15, ಹೊತ್ತು ಮುಳುಗುವ ಮೊದಲು ಆ ದಿನದ ಕೂಲಿ ಕೊಡಬೇಕು ಎಂಬುದು. ಯಾಜಕಕಾಂಡ 19:13 ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ: ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು. ಅದೇ ವಾಕ್ಯದ ಮೊದಲರ್ಧ ಕಳ್ಳತನ, ಸುಲಿಗೆಯ ಬಗ್ಗೆ ಇದೆ ಎಂಬುದನ್ನು ಗಮನಿಸಿ. ಇಟ್ಟುಕೊಂಡ ಕೂಲಿ ಅಲ್ಲಿ ಸಾಲ ಅನ್ನಿಸಿಕೊಳ್ಳುವುದಿಲ್ಲ, ಕದ್ದ ಮಾಲಿನ ಸಾಲಿಗೆ ಸೇರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯೂ ದಿನಗೂಲಿಯನ್ನು ಪಾಳಿ ಮುಗಿಯುತ್ತಲೇ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನವೇ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಎನ್ನುತ್ತದೆ. ‘ಸೋಮವಾರ ನೋಡೋಣ’ ಎನ್ನುವುದು ಇವೆರಡರಲ್ಲೂ ಇಲ್ಲ.

ಕೂಲಿಯಿಂದ ಹಿಡಿಯುವ ಕಟಾವಿನ ಮನೆಗಳು ಮೂರು: ಮುಂಗಡ, ಡ್ಯಾಮೇಜ್, ದಂಡ. ಮೂರನ್ನೂ ಬೇರೆ ಬೇರೆ ಇಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಸಂಹಿತೆಯಲ್ಲಿ ಮೂರರ ನಿಯಮವೂ ಬೇರೆ ಬೇರೆ. ಒಂದು ವೇತನ ಅವಧಿಯಲ್ಲಿ ದಂಡ ಆ ಅವಧಿಯ ವೇತನದ ಶೇ 3ನ್ನು ಮೀರುವಂತಿಲ್ಲ. ಡ್ಯಾಮೇಜ್ ಹಿಡಿಯುವ ಮೊದಲು ಕೆಲಸಗಾರನ ಮಾತು ಕೇಳಲೇಬೇಕು, ನಷ್ಟಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ. ಎಲ್ಲ ಸೇರಿ ಕಟಾವು ವೇತನದ ಶೇ 50 ದಾಟಬಾರದು. ಮುಂಗಡದ ಮನೆಯಲ್ಲಿ ಮಾತ್ರ ‘ಉಳಿದ ಬಾಕಿ’ ಎಂಬ ಸಾಲು ಇಲ್ಲ. ಅದಿಲ್ಲದೆ ಮುಂಗಡ ಎಷ್ಟು ವಾರ ಹಿಡಿದರೂ ತೀರಿದ್ದು ಕಾಣುವುದಿಲ್ಲ. ಕೈಯಲ್ಲೇ ಗೆರೆ ಎಳೆದುಕೊಳ್ಳಿ.

ಕೈಕೊಟ್ಟಿದೆ ಎಂದ ಜಾಗಕ್ಕೆ ಬರೋಣ. ಏಳನೇ ವಾರದ ಮೇಲೆ ವಿಮೋಚನಕಾಂಡ 5 ಇದೆ: ಫರೋಹ ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಮೊದಲಿನಷ್ಟೇ ಕೇಳಿದ ಪ್ರಸಂಗ. ಪೀಸ್ ರೇಟಿನವರ ಪಾಡನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಭಾಗ ಬೈಬಲಿನಲ್ಲಿ ಸಿಗುವುದು ಕಷ್ಟ. ಕರೆಂಟ್ ಹೋಗಿದೆ, ಜಿಪ್ ಬಂದಿಲ್ಲ, ಓವರ್‌ಲಾಕ್ ಕೆಟ್ಟಿದೆ, ಬೆಲ್ಟಿನವನು ಮುಗಿಸಿಲ್ಲವೆಂದು ಲೂಪಿನವನು ಕೈಕಟ್ಟಿ ಕೂತಿದ್ದಾನೆ. ಇಷ್ಟೆಲ್ಲ ಆದ ಮೇಲೂ ಎಡಪುಟದಲ್ಲಿ ‘ಖಾಲಿ ಕೂತ ಹೊತ್ತು’ ಎಂಬ ಕಾಲಂ ಇಲ್ಲ! ಬಂದ ಹೊತ್ತು, ಹೋದ ಹೊತ್ತೂ ಇಲ್ಲ. ಕೆಲಸಕ್ಕೆ ಕನಿಷ್ಠ ಪೀಸ್ ರೇಟು ನಿಗದಿಯಾಗದೆ ಹೊತ್ತಿನ ಲೆಕ್ಕದ ಕನಿಷ್ಠ ವೇತನ ಮಾತ್ರ ನಿಗದಿಯಾಗಿದ್ದರೆ, ಪೀಸ್ ಲೆಕ್ಕದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಆದರೆ ಹೊತ್ತು ಬರೆದಿಟ್ಟಿಲ್ಲದಿದ್ದರೆ ಅದನ್ನು ಕೇಳುವುದಾದರೂ ಹೇಗೆ? ಓವರ್‌ಟೈಮಿಗೆ ಎರಡು ಪಟ್ಟು ಎಂಬುದೂ ಹೊತ್ತಿನ ಲೆಕ್ಕವಿಲ್ಲದೆ ನಿಲ್ಲುವುದಿಲ್ಲ. ಎರಡನೇ ಮುದ್ರಣದಲ್ಲಿ ಬಂಡಲ್ ನಂಬರಿನ ಅಗಲ ಅರ್ಧಕ್ಕೆ ಇಳಿಸಿದರೆ ಈ ಮೂರೂ ಹಿಡಿಯುತ್ತವೆ.

ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯವನ್ನು, ಅಂದರೆ ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ತೋಟದ ಯಜಮಾನ ಒಂದೇ ಕೂಲಿ ಕೊಟ್ಟನೆಂದು ಯೇಸು ಹೇಳಿದ ಕತೆಯನ್ನು, ಬರೀ 15ನೇ ವಾಕ್ಯಕ್ಕೆ ಮೊಟಕು ಮಾಡಿದ್ದು ಸರಿಯಾಗಲಿಲ್ಲ. ‘ನನ್ನದನ್ನು ನನ್ನಿಷ್ಟದಂತೆ ಕೊಡಬಾರದೇ’ ಎಂಬ ಅರ್ಥದ ಆ ಮಾತನ್ನು ಒಂಟಿಯಾಗಿ ಓದಿದರೆ ಕೈ ಬಿಗಿಹಿಡಿದ ಮಾಲೀಕನಿಗೇ ಅಸ್ತ್ರ ಕೊಟ್ಟಂತೆ. ಪೂರಾ ಓದಿದರೆ ಬೇರೆ ಕಾಣುತ್ತದೆ: ಕೂಲಿ ಒಂದು ದಿನಾರಿ ಎಂದು ಬೆಳಿಗ್ಗೆಯೇ ಮಾತಾಗಿದೆ, ಸಂಜೆಯೇ ಬಟವಾಡೆ, ಅದೂ ಕೊನೆಗೆ ಬಂದವರಿಂದ ಮೊದಲು. ದಿನಾರಿ ಅಂದರೆ ಒಂದು ದಿನದ ದುಡಿಮೆಯ ಬೆಲೆ. ಸಂಜೆ ಒಂದು ತಾಸಿಗೆ ಬಂದವನ ಮನೆಯಲ್ಲೂ ಹೊಟ್ಟೆ ಅಷ್ಟೇ ಇವೆ. ಯಜಮಾನ ಇಷ್ಟದಂತೆ ಮಾಡಿದ್ದು ಹೆಚ್ಚು ಕೊಡುವುದನ್ನು. ಮಾತಿಗಿಂತ ಕಡಿಮೆ ಪಡೆದವನು ಆ ಕತೆಯಲ್ಲಿ ಒಬ್ಬನೂ ಇಲ್ಲ.

ರಾಯಚೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ವಾಪಸು ಕಳಿಸಿದ್ದನ್ನು ನಾವು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಅದು ದುಡಿಯುವವರಿಗೆ ಹೇಳಿದ ಮಿತಿ. ಈ ಪುಸ್ತಕದ ವಾಕ್ಯಗಳು ಹೆಚ್ಚುಕಡಿಮೆ ಎಲ್ಲವೂ ಕೊಡುವವರ ಕಡೆಗೆ ಮುಖ ಮಾಡಿವೆ. ಇವು ಊರಿಗೆ ಹೊಸವೂ ಅಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕೂತದ್ದು ಇಲ್ಲಿಯೇ.

ಹತ್ತಿಯ 8 ಪುಟಗಳಲ್ಲಿ ಕಿಲೋ ಲೆಕ್ಕ. ಮೇಲೆ ಧರ್ಮೋಪದೇಶಕಾಂಡ 25:13, ಚೀಲದಲ್ಲಿ ಹೆಚ್ಚು ಕಡಿಮೆಯ ಎರಡು ಬಗೆಯ ತೂಕದ ಕಲ್ಲು ಇರಬಾರದು ಎಂಬುದು. ಕಾಲಂ ಚೊಕ್ಕಟವಾಗಿದೆ: ಒಟ್ಟು ತೂಕ, ಚೀಲದ ತೂಕ, ನಿವ್ವಳ. ಚೀಲ ಹಾಕುವ ಮೊದಲು ತಕ್ಕಡಿ ಸೊನ್ನೆಗೆ ನಿಂತಿದೆಯೇ ನೋಡಿ ಎಂಬ ಒಂದು ಸಾಲು ಬೇಕಿತ್ತು. ಬೆಳಿಗ್ಗೆ ಮಂಜಿನಲ್ಲಿ ಬಿಡಿಸಿದ್ದು ತೂಗುತ್ತದೆ ಎಂದು ಮಧ್ಯಾಹ್ನದವರೆಗೆ ಒಣಗಿಸಿ ತೂಗುವುದುಂಟು, ಆ ವ್ಯತ್ಯಾಸದ ಬಗ್ಗೆಯೂ ಮೊದಲೇ ಮಾತಾಗಿರಬೇಕು.

ಹಿಂದಿನ ರಟ್ಟಿನ ಕಾನೂನು ಮಾಹಿತಿ ಹಳೆಯದು. ಕಡಿಮೆ ಕೂಲಿಗೆ 6 ತಿಂಗಳು, ತಡೆದ ಕೂಲಿಗೆ 12 ತಿಂಗಳೊಳಗೆ ಅರ್ಜಿ ಎಂದಿದೆ. ಅದು 1948ರ ಕನಿಷ್ಠ ವೇತನ ಕಾಯ್ದೆ ಮತ್ತು 1936ರ ವೇತನ ಪಾವತಿ ಕಾಯ್ದೆಯ ಮಾತು. ಈಗಿನ ಸಂಹಿತೆಯಲ್ಲಿ 3 ವರ್ಷ. ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆಯೂ ಮಾಲೀಕನದೇ. ಅಂದರೆ ತುಂಬಿದ ಪುಸ್ತಕವನ್ನು ವರ್ಷದ ಕೊನೆಗೆ ರದ್ದಿಗೆ ಹಾಕಬೇಡಿ.

ಕಾಗದ ತೆಳು, ಇಂಡಿಗೋ ಹತ್ತಿದ ಬೆರಳಿಗೆ ಪುಟವೆಲ್ಲ ನೀಲಿ. ನಡುವೆ ಬರೀ ಎರಡು ಪಿನ್. ಹೊಲಿಯುವವರ ಪುಸ್ತಕಕ್ಕೇ ಹೊಲಿಗೆ ಇಲ್ಲ! ಕೊಂಡ ದಿನವೇ ಪಿನ್ ಕಿತ್ತು, ಮಷಿನ್ನಿನ 16 ನಂಬರ್ ಸೂಜಿಯಲ್ಲಿ ಜೀನ್ಸ್ ದಾರ ಹಾಕಿ ಮಡಿಕೆಯ ಮೇಲೆ ಒಂದು ಸಾಲು ಓಡಿಸಿ. ಹೊಲಿಗೆ ಉದ್ದ ಇರಲಿ. ಸಣ್ಣದಾದರೆ ತೂತಿನ ಸಾಲಿನಲ್ಲೇ ಕಾಗದ ಹರಿದುಬರುತ್ತದೆ.