ಪಿಕಪ್ ಬೆನ್ನಿನ ಅಡುಗೆಮನೆ: ಎರಡು ಮಳೆಗಾಲ ಕಳೆದ ಮೇಲೆ

ಗಾಡಿ ಇಸುಜು ವಿ-ಕ್ರಾಸ್ ಪಿಕಪ್, ಹಿಂಭಾಗದ ಮೇಲೆ ಫೈಬರ್ ಕ್ಯಾನಪಿ, ಅಂದರೆ ಮುಚ್ಚಿಗೆ. ಬಳಕೆ 2 ವರ್ಷ 3 ತಿಂಗಳು, ಹೆಚ್ಚಿನದು ಪುಣೆಯಿಂದ ತಾಮ್ಹಿಣಿ ಇಲ್ಲವೇ ಆಂಬೋಲಿ ಘಾಟ್ ಇಳಿದು ಕೊಂಕಣ, ಗೋವಾ ಕಡೆಗೆ. ನಾಲ್ಕು ಜನಕ್ಕೆ ದಿನಕ್ಕೆರಡು ಹೊತ್ತಿನ ಅಡುಗೆ. ಇಷ್ಟು ದಿನದಲ್ಲಿ ಒಲೆ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟದ್ದೆಲ್ಲ ಚಾನಲ್ಲು (ಡ್ರಾಯರ್ ಜಾರುವ ಹಳಿ), ಸ್ಕ್ರೂ, ವೈರು.

ಕ್ಯಾನಪಿಯೊಳಗೆ ಕೂರುವ ಅಡುಗೆ ಪೆಟ್ಟಿಗೆಗೆ 18 ಮಿ.ಮೀ. ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್), ಅದರಿಂದ ಹೊರಗೆಳೆಯುವ ಡ್ರಾಯರ್‌ಗೆ 12 ಮಿ.ಮೀ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಹಾಳೆ ಆರಿಸುವಾಗ ಮರೀನ್ ಪ್ಲೈಯ ಗುಣಮಟ್ಟದ ಐಎಸ್ 710 ಮುದ್ರೆಯ ಜೊತೆಗೆ ಅಂಚನ್ನೂ ನೋಡಿ. ಪದರಗಳ ನಡುವೆ ಟೊಳ್ಳು ಕಂಡರೆ ಬಿಟ್ಟುಬಿಡಿ. 8×4 ಅಡಿಯ 18 ಮಿ.ಮೀ. ಹಾಳೆ ಒಂದೇ ಸುಮಾರು 35 ಕೆಜಿ. ನೀರು, ಸಿಲಿಂಡರ್, ಫ್ರಿಜ್, ಬ್ಯಾಟರಿ ಎಲ್ಲ ಸೇರಿದರೆ 140 ಕೆಜಿ ಸಲೀಸಾಗಿ ದಾಟುತ್ತದೆ. ಭಾರದ್ದೆಲ್ಲ ಕ್ಯಾಬಿನ್ ಕಡೆಗಿರಲಿ. ಮರೀನ್ ಪ್ಲೈ ಅಂತ ನಿಶ್ಚಿಂತೆ ಬೇಡ, ಕೊಯ್ದ ಅಂಚು ನೀರು ಕುಡಿಯುತ್ತದೆ. ಅಂಚಿಗೂ ಪ್ರತಿ ಡ್ರಿಲ್ ತೂತಿಗೂ ನೀರು ತಡೆಯುವ ಎಪಾಕ್ಸಿ ಅಂಟು ಎರಡು ಕೋಟ್ ಬೇಕೇ ಬೇಕು.

ಈಗ ಚಾನಲ್ಲು. ಮನೆಯ ಮಾಡ್ಯುಲರ್ ಕಿಚನ್ನಿಗೆ ಹಾಕುವ 45 ಕೆಜಿಯ ಟೆಲಿಸ್ಕೋಪಿಕ್ ಚಾನಲ್ ಬಾಳಿದ್ದು ಏಳು ತಿಂಗಳು. ಒಳಗಿನ ಬೇರಿಂಗ್ ಗುಂಡುಗಳನ್ನು ಹಿಡಿದಿಡುವ ತಗಡಿನ ಪಟ್ಟಿ ಘಾಟಿನ ಕುಲುಕಾಟಕ್ಕೆ ಬಾಗಿತು, ಗುಂಡು ಉದುರಿದವು, ಮೂರಡಿ ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತು. ಆಮೇಲೆ ತರಿಸಿದ ಜೋಡಿಯ ಡಬ್ಬದ ಮೇಲೆ 150 ಕೆಜಿ ಅಂತ ಅಚ್ಚಾಗಿತ್ತು, ಆದರೆ ಲಾಕ್ ಇರಲಿಲ್ಲ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಡ್ರಾಯರ್ ತಾನಾಗಿ ಹೊರಗೆ ಬರುತ್ತಿತ್ತು. ಮುಚ್ಚಿದಾಗಲೂ ಪೂರ್ತಿ ಎಳೆದಾಗಲೂ ಎರಡೂ ಕಡೆ ಲಾಕ್ ಆಗುವ ಜೋಡಿಯನ್ನೇ ಕೇಳಿ ಪಡೆಯಿರಿ. ಬೆಲೆ ಸಾದಾ ಜೋಡಿಯ ಹಲವು ಪಟ್ಟು, ನಿಜ. ಆದರೆ ಇಲ್ಲಿ ಉಳಿಸಿದ ದುಡ್ಡು ಬಡಗಿಯ ಕೂಲಿಗೆ ಹೋಗುತ್ತದೆ. ಯಾಕೆಂದರೆ ಸಾದಾ ಚಾನಲ್ಲಿನ ದಪ್ಪ ಒಂದು ಪಕ್ಕಕ್ಕೆ 12.7 ಮಿ.ಮೀ., ಬಡಗಿ ಲೆಕ್ಕದಲ್ಲಿ ನಾಲ್ಕು ಸೂತ (ಒಂದು ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ). ಹೆವಿ ಡ್ಯೂಟಿಯದು 19.1, ಅಂದರೆ ಆರು ಸೂತ. ಆಮೇಲೆ ಬದಲಿಸಲು ಹೋದರೆ ಡ್ರಾಯರ್ ಅಗಲದಲ್ಲಿ ಅರ್ಧ ಇಂಚು ಕಡಿಮೆ ಮಾಡಬೇಕು, ಅಂದರೆ ಬಿಚ್ಚಿ ಹೊಸದಾಗಿ ಕಟ್ಟಬೇಕು. ಮಳೆಗಾಲಕ್ಕೆ ಪ್ಲೈ ಉಬ್ಬುವುದರಿಂದ ಅಳತೆಯಲ್ಲಿ ಪಕ್ಕಕ್ಕೊಂದು ಮಿ.ಮೀ. ಹೆಚ್ಚು ಸಂದು ಬಿಡಿಸಿ.

ಚಾನಲ್ಲಿಗೆ ಗ್ರೀಸ್ ಹಚ್ಚಬೇಡಿ. ಕೊಂಕಣದ ಕೆಂಪು ಧೂಳು ಗ್ರೀಸಿನಲ್ಲಿ ಕಲೆತು, ಬೆರಳಿಟ್ಟರೆ ಕುಂಕುಮದ ಕೆಸರಿನಂಥದ್ದು ಮೆತ್ತಿಕೊಳ್ಳುತ್ತದೆ, ತಿಕ್ಕಿದರೆ ಮರಳುಕಾಗದ. ಬ್ರಷ್‌ನಿಂದ ಧೂಳು ತೆಗೆದು ಡ್ರೈ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು.

ಪ್ಲೈಯ ಅಂಚಿಗೆ ಹೊಡೆದ ಮರದ ಸ್ಕ್ರೂ ಎರಡೇ ಘಾಟಿಗೆ ಸಡಿಲ. ಮೂಲೆಗಳಿಗೆ ಎಲ್ ಆಂಗಲ್ ಕೊಟ್ಟು ಆಚೆ ಬದಿಗೆ ಹಾಯುವ ಎಂ6 (6 ಮಿ.ಮೀ.) ಬೋಲ್ಟ್, ಅಗಲ ವಾಷರ್, ಕುಲುಕಿಗೆ ಸಡಿಲವಾಗದ ನೈಲಾಕ್ ನಟ್ ಹಾಕಿ. ಸಮುದ್ರದ ಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಡೆಯುತ್ತದೆ, 202 ದರ್ಜೆಯದು ಬೇಗ ಕಂದುತ್ತದೆ. ಪೆಟ್ಟಿಗೆಯನ್ನು ಗಾಡಿಗೆ ಬಿಗಿಯಲು ಬಟ್ಟೆಯ ಪಟ್ಟಿ ಬೇಡ, ನೆನೆದು ಹಿಗ್ಗುತ್ತದೆ. ನಾಲ್ಕು ಟರ್ನ್‌ಬಕಲ್ (ತಿರುಗಿಸಿ ಬಿಗಿಯುವ ಕೊಂಡಿ) ಹಾಕಿ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಡಬ್ಬಿಗಳ ಸದ್ದಿಗೆ ಹಳೆ ಜಮಖಾನದ ತುಂಡು ಹಾಸುವ ಆಸೆಯಾಗುತ್ತದೆ. ಜುಲೈಯಲ್ಲಿ ಅದು ಬೂಷ್ಟು ಹಿಡಿಯುತ್ತದೆ, ಅಲ್ಲಿಯೂ ರಬ್ಬರೇ ಸರಿ.

ಗ್ಯಾಸು 5 ಕೆಜಿ ಸಿಲಿಂಡರ್, ನಮ್ಮ ಬಳಕೆಗೆ ಹನ್ನೆರಡು ದಿನ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಕೂರುತ್ತದೆ. ಆದ್ದರಿಂದ ಸಿಲಿಂಡರ್ ಗೂಡಿನ ತಳದಲ್ಲೇ ಎರಡು ಇಂಚಿನ ಎರಡು ತೂತು ಬೇಕು, ಅವು ಗಾಡಿಯ ಹೊರಗೆ ತೆರೆಯಬೇಕು. ಕ್ಯಾನಪಿಯೊಳಗೆ ತೆರೆದರೆ ಏನೂ ಉಪಯೋಗವಿಲ್ಲ. ಬ್ಯಾಟರಿ, ಸ್ವಿಚ್ಚು ಎದುರು ಬದಿಗೆ, ಎತ್ತರದಲ್ಲಿ. ಹೊರಡುವ ಮುಂಚೆ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿ, ಸಿಲಿಂಡರ್ ನೆಟ್ಟಗೇ ನಿಲ್ಲಲಿ. ಪ್ರತಿ ಸಲ ಜೋಡಿಸಿದಾಗ ಸೋಪು ನೀರಿನ ಪರೀಕ್ಷೆ. ಸುರಕ್ಷಾ ಗ್ಯಾಸ್ ಪೈಪನ್ನು ಐದು ವರ್ಷಕ್ಕೆ ಬದಲಿಸಬೇಕು.

ಇಂಡಕ್ಷನ್ ಒಲೆ ಆಗದೇ ಅಂತ ಕೇಳುವವರಿಗೆ: 1,800 ವ್ಯಾಟ್ ಎಂದರೆ 12 ವೋಲ್ಟ್‌ನಲ್ಲಿ 150 ಆಂಪಿಯರ್. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಅದಕ್ಕೆ ಸಾಲದು, ಅದನ್ನು ಫ್ರಿಜ್ಜಿಗೆ ಬಿಡಿ. ನಮ್ಮ 40 ಲೀಟರ್ ಫ್ರಿಜ್ ಮೊದಲು ಆಗಾಗ ಲೋ ವೋಲ್ಟೇಜ್ ತೋರಿಸಿ ನಿಲ್ಲುತ್ತಿತ್ತು. ಬ್ಯಾಟರಿ ತುಂಬಿಯೇ ಇರುತ್ತಿತ್ತು, ತಪ್ಪು 1.5 ಚದರ ಮಿ.ಮೀ. ವೈರಿನದು. ಐದು ಮೀಟರ್ ಹೋಗಿ ಬರುವಷ್ಟರಲ್ಲಿ 5 ಆಂಪಿಯರ್‌ಗೆ ಸುಮಾರು 0.6 ವೋಲ್ಟ್ ಅದೇ ತಿನ್ನುತ್ತಿತ್ತು. 6 ಚದರ ಮಿ.ಮೀ. ವೈರನ್ನು ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಕೊಟ್ಟು ನೇರವಾಗಿ ಎಳೆದ ಮೇಲೆ ತಕರಾರಿಲ್ಲ.

ನೀರಿಗೆ ನಲ್ಲಿಯಿರುವ 20 ಲೀಟರ್ ಕ್ಯಾನ್, ಒಂದಡಿ ಎತ್ತರದಲ್ಲಿ. ಪಂಪಿಗೆ ಹಾಕಿದ ದುಡ್ಡು ವ್ಯರ್ಥ.

ಗೋವಾದ ಕಡಲತೀರದಲ್ಲಿ ಒಲೆ ಹಚ್ಚಬೇಡಿ. ಅಲ್ಲಿ ಬಯಲಲ್ಲಿ ಅಡುಗೆ ಮಾಡುವುದನ್ನು 2019ರಿಂದ ನಿಷೇಧಿಸಿದ್ದಾರೆ, ದಂಡವಿದೆ. ಬೇರೆಡೆ ಗಾಳಿಗೆ ಮೂರು ಬದಿ ಮಡಚುವ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಸಾಕು, ಆದರೆ ಸಿಲಿಂಡರ್ ಅದರ ಒಳಗೆ ಬರಬಾರದು.

ರೊಟ್ಟಿ ಮಂದಿಗೆ ಒಂದು ಮಾತು. ಚಿಕ್ಕ ಬರ್ನರ್ ಮೇಲೆ ತೆಳು ತವೆ ಇಟ್ಟರೆ ನಡುವೆ ಸೀದು ಅಂಚು ಹಸಿಯಾಗುತ್ತದೆ, 3 ಮಿ.ಮೀ. ದಪ್ಪದ ಕಬ್ಬಿಣದ ತವೆ ಬೇಕು, ಐದು ನಿಮಿಷ ಕಾಯಿಸಬೇಕು. ಇನ್ನು ಎಳೆದ ಡ್ರಾಯರ್ ಮೇಲೆ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ ಪ್ರತಿ ಏಟೂ ಚಾನಲ್ಲಿನ ತುದಿಗೇ ಬೀಳುತ್ತದೆ, ಪಕ್ಕದ ಸಾರಿನ ಪಾತ್ರೆಯೂ ಕುಣಿಯುತ್ತದೆ. ಡ್ರಾಯರ್‌ನ ಮುಂತುದಿಗೆ ಮಡಚುವ ಕಾಲೊಂದು ಕೂರಿಸಿ. ಕಾಲಿನ ಬುಡದಲ್ಲಿ ತಿರುಗಿಸಿ ಎತ್ತರ ಹೊಂದಿಸುವ ಎಂ10 ಬೋಲ್ಟ್ ಇರಲಿ, ನೆಲ ಎಲ್ಲೂ ಸಮ ಸಿಗುವುದಿಲ್ಲ. ಮರಳಿದ್ದರೆ ಅದರಡಿಗೆ ಅಂಗೈಯಗಲದ ಪ್ಲೈ ತುಂಡು.