ಘಟ್ಟದ ತಿರುವಿನಲ್ಲಿ ನಾಲ್ಕು ಸೆಕೆಂಡು: ಯಾವ ಕ್ಯಾಮೆರಾಕ್ಕೆ ಪ್ರಾಣಿ ಸಿಕ್ಕಿತು?

ಜೂನ್ ತಿಂಗಳ ಒಂದು ಸಂಜೆ, ಆರೂಮುಕ್ಕಾಲು ಗಂಟೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆ ಹೋಗುತ್ತಿದ್ದೆವು. ಮಳೆ ಆಗಷ್ಟೇ ಹೊಳವಾಗಿತ್ತು. ತಿರುವು ಕಳೆಯುತ್ತಿದ್ದಂತೆ ರಸ್ತೆಯ ಎಡ ಅಂಚಿನಲ್ಲಿ ಕಾಡುಕೋಣ ನಿಂತಿತ್ತು. ನಡುವೆ ಹದಿನೈದು ಮೀಟರ್ ಇದ್ದಿರಬಹುದು. ಗಾಡಿ ಓಡಿಸುತ್ತಿದ್ದ ಅಕ್ಕನ ಮಗ ಮೆಲ್ಲನೆ ಬ್ರೇಕ್ ಒತ್ತಿ, "ಮಾವ, ಎಡಗಡೆ" ಎಂದಷ್ಟೇ ಹೇಳಿದ. ತೊಯ್ದ ಮೈ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು. ಮೊಣಕಾಲಿನ ಕೆಳಗಿನ ಬಿಳುಪಿನ ಮೇಲೆ ಕೆಂಪು ಕೆಸರು ಸಿಡಿದಿತ್ತು. ಬಾಯಂಚಿನಲ್ಲಿ ಬಿದಿರೆಲೆಯೊಂದು ಹಾಗೆಯೇ ಉಳಿದಿತ್ತು. ನಮ್ಮನ್ನು ಕಂಡು ಜಗಿಯುವುದನ್ನು ನಿಲ್ಲಿಸಿರಬೇಕು. ಒಮ್ಮೆ ಉಸಿರು ಬಿಟ್ಟಿತು, ತಲೆ ತಿರುಗಿಸಿತು, ಮಟ್ಟಿಯೊಳಗೆ ನುಗ್ಗಿತು. ಎಲ್ಲ ಸೇರಿ ನಾಲ್ಕು ಸೆಕೆಂಡು.

ಆ ದಿನ ಗಾಡಿಯಲ್ಲಿ ಮೊಬೈಲ್ ಇತ್ತು, ಸೂಪರ್‌ಜೂಮ್ ಕ್ಯಾಮೆರಾ ಇತ್ತು, 70–300 ಮಿ.ಮೀ. ಲೆನ್ಸ್ ಹಾಕಿದ, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ ಡಿಎಸ್‌ಎಲ್‌ಆರ್ ಇತ್ತು, ಮುಂದಿನ ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್ ಇತ್ತು. ಅಳಿಯ ಮೊಬೈಲ್ ಎತ್ತಿದ, ನಾನು ಡಿಎಸ್‌ಎಲ್‌ಆರ್ ಎತ್ತಿದೆ, ಡ್ಯಾಶ್‌ಕ್ಯಾಮ್ ತನ್ನ ಪಾಡಿಗೆ ತಾನು ಓಡುತ್ತಿತ್ತು. ಸೂಪರ್‌ಜೂಮ್ ಚೀಲದಿಂದ ಹೊರಬರಲೇ ಇಲ್ಲ. ಮನೆಗೆ ಬಂದು ನೋಡಿದರೆ ನನ್ನ ಚಿತ್ರದಲ್ಲಿ ಅಲುಗಿದ ತಲೆಯೊಂದೇ ಇತ್ತು, ಮೈಯೇ ಇಲ್ಲ. ಅವನದರಲ್ಲಿ ಇಡೀ ರಸ್ತೆ ಇತ್ತು, ಮೂಲೆಯಲ್ಲಿ ಕೋಣ.

ಕಾರವಾರದಲ್ಲಿ ಕೆಲಸ, ಶಿರಸಿಯ ಹತ್ತಿರ ಮನೆ. ವಾರಕ್ಕೆರಡು ಬಾರಿ ಘಟ್ಟದ ದಾರಿ ನನಗೆ ತಪ್ಪಿದ್ದಲ್ಲ. ಅಂದಿನಿಂದ ಒಂದೂವರೆ ವರ್ಷ, ವಾರಕ್ಕೊಂದು ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಪರೀಕ್ಷಿಸಿದೆ. ಆ ಪ್ರಯಾಣಗಳಲ್ಲಿ ಹೆಚ್ಚಿನವು ದೇವಿಮನೆಯ ದಾರಿಯವು. ಕೆಲವು ಯಲ್ಲಾಪುರದಿಂದ ಬಾರೆ ಮೇಲೆ ಕೈಗಾಕ್ಕೆ ಇಳಿಯುವಾಗಿನವು, ಕೆಲವು ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾಕ್ಕೆ ಬರುವಾಗಿನವು. ಗುಜರಾತಿನ ಚಿಕ್ಕ ರಣ್‌ಗೆ ಹೋದಾಗಲೂ ಇವನ್ನೇ ಒಯ್ದಿದ್ದೆ. ಆ ಮರುಭೂಮಿಯ ದಾರಿಯನ್ನು ನೋಡಿದ ಮೇಲೆಯೇ ನಮ್ಮ ದಾರಿಯ ಲೆಕ್ಕ ನನಗೆ ಸರಿಯಾಗಿ ತಿಳಿದದ್ದು.

ಸೂಪರ್‌ಜೂಮ್‌ನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೊಸಬರು ಮೊದಲು ಆಸೆಪಡುವುದು ಇದಕ್ಕೇ. ನನ್ನದು 83 ಪಟ್ಟು ಜೂಮ್ ಇರುವ ಜಾತಿ, 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 2000 ಮಿ.ಮೀ. ಲೆನ್ಸಿಗೆ ಸಮಾನ; ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ. ಚಿಕ್ಕ ರಣ್‌ನಲ್ಲಿ ಇದು ಅರಸನಂತೆ ಮೆರೆಯಿತು. ಅಲ್ಲಿ ಕಾಡುಕತ್ತೆಗಳು, ಗುಜರಾತಿಯಲ್ಲಿ ಘುಡ್‌ಖರ್, ಬಟ್ಟಬಯಲಿನಲ್ಲಿ ದೂರದಿಂದಲೇ ಕಾಣುತ್ತವೆ. ಮುನ್ನೂರು ಮೀಟರ್ ಆಚೆ ನಿಂತದ್ದನ್ನೂ ಚೌಕಟ್ಟಿನಲ್ಲಿ ದೊಡ್ಡದಾಗಿ ತರಬಹುದು. ಹುಡುಕಲು ಸಮಯವಿದೆ, ಬೆಳಕು ಧಾರಾಳವಾಗಿದೆ. ಅಲ್ಲಿನ ಶತ್ರು ಬೇರೆಯೇ: ಹನ್ನೊಂದು ಗಂಟೆಯ ಮೇಲೆ ನೆಲದಿಂದೇಳುವ ಬಿಸಿಗಾಳಿಗೆ ಕತ್ತೆಯ ಕಾಲುಗಳು ನೀರಿನಲ್ಲಿ ಕದಡಿದಂತೆ ಅಲುಗುತ್ತವೆ. ಎಷ್ಟೇ ಉದ್ದದ ಲೆನ್ಸ್ ಇದ್ದರೂ ಆ ಕದಡಿಕೆಯೂ ಜೊತೆಗೇ ದೊಡ್ಡದಾಗುತ್ತದೆ. ಅದಕ್ಕೆ ಮದ್ದು ಬೆಳಗಿನ ತಂಪಿನಲ್ಲಿ ಹೋಗುವುದೊಂದೇ.

ಅದೇ ಕ್ಯಾಮೆರಾ ದೇವಿಮನೆಯಲ್ಲಿ ಸೋತಿತು. ಗುಂಡಿ ಒತ್ತಿ ಲೆನ್ಸ್ ಹೊರಬಂದು ಜೂಮ್ ಆಗುವಷ್ಟರಲ್ಲಿ ನಾಲ್ಕು ಸೆಕೆಂಡಿನಲ್ಲಿ ಮೂರು ಮುಗಿದಿರುತ್ತವೆ. ಹದಿನೈದು ಮೀಟರ್ ದೂರದಲ್ಲಿ ಪೂರ್ತಿ ಜೂಮ್ ಮಾಡಿದರೆ ಚೌಕಟ್ಟಿನ ಅಗಲ ಒಂದು ಗೇಣಿಗಿಂತ ಸ್ವಲ್ಪವೇ ಹೆಚ್ಚು. ಕೋಣದ ಕಣ್ಣು ಮಾತ್ರ ಹಿಡಿಯುತ್ತದೆ. ಬೆಳಕಿನ ಮಾತೂ ಇದೆ. ಈ ಜಾತಿಯ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಫಲಕ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಡಿಎಸ್‌ಎಲ್‌ಆರ್‌ನ ಎಪಿಎಸ್‌-ಸಿ ಎಂಬ ಗಾತ್ರದ ಸೆನ್ಸರ್ ವಿಸ್ತೀರ್ಣದಲ್ಲಿ ಅದರ ಸುಮಾರು ಹದಿಮೂರು ಪಟ್ಟು. ಮಳೆಗಾಲದ ಸಂಜೆ, ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡ ರಸ್ತೆಯಲ್ಲಿ, ಆ ಚಿಕ್ಕ ಸೆನ್ಸರ್ ಕೊಡುವುದು ಚುಕ್ಕೆಗಳ ರಾಶಿಯನ್ನು.

ಆದರೂ ಅದನ್ನು ಮಾರಿಲ್ಲ. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ದಾರಿಯಲ್ಲಿ ಒಂದು ಬೆಳಗ್ಗೆ ಎತ್ತರದ ಮರದಲ್ಲಿ ಸಿಂಗಳೀಕಗಳು ಉಪ್ಪಾಗೆ ಹಣ್ಣು ತಿನ್ನುತ್ತಿದ್ದವು. ಸಿಂಗಳೀಕಗಳ ಸಲುವಾಗಿ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾದಾಗಿನಿಂದ ಅವನ್ನು ಒಮ್ಮೆ ಸರಿಯಾಗಿ ನೋಡಬೇಕೆಂಬ ಹಂಬಲ ನನ್ನದು. ಅವು ಅವಸರದಲ್ಲಿರಲಿಲ್ಲ, ಬಿಸಿಲು ಕೊಂಬೆಯ ಮೇಲೆಯೇ ಬಿದ್ದಿತ್ತು. ಕಪ್ಪು ಮುಖದ ಸುತ್ತಲಿನ ಬೂದು ಕೇಸರದ ಎಳೆ ಎಳೆಯೂ ಸೂಪರ್‌ಜೂಮ್‌ನಲ್ಲಿ ಬಂತು. ಮರದ ತುದಿಯ ಮಂಗಟ್ಟೆಗೂ ಕೆಂದಳಿಲಿಗೂ ಇದೇ ಸರಿ. ಹಗಲು, ದೂರ, ಕೂತ ಪ್ರಾಣಿ: ಈ ಮೂರೂ ಕೂಡಿಬಂದರೆ ಇದನ್ನು ಬಿಟ್ಟು ಬೇರೆಯದು ಬೇಡ.

ಮೊಬೈಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಷ್ಟು ಬೇಗ ಕೈಗೆ ಬರುವುದು ಯಾವುದೂ ಇಲ್ಲ. ಪಕ್ಕದ ಗುಂಡಿಯನ್ನು ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುವಂತೆ ಮಾಡಿಟ್ಟುಕೊಳ್ಳಿ. ಆದರೆ ಅದರ ಮುಖ್ಯ ಲೆನ್ಸ್‌ಗೆ ಹದಿನೈದು ಮೀಟರ್‌ನಲ್ಲಿ ಇಪ್ಪತ್ತು ಮೀಟರ್ ಅಗಲದ ಕಾಡು ಕಾಣುತ್ತದೆ, ಮೂರು ಮೀಟರ್ ಉದ್ದದ ಕೋಣ ಅದರಲ್ಲಿ ಏಳನೇ ಒಂದು ಪಾಲು. ಮೂರು ಪಟ್ಟು ಜೂಮ್ ಒತ್ತಿದರೂ ಕತ್ತಲಲ್ಲಿ ಹಲವು ಫೋನುಗಳು ಜೂಮ್ ಲೆನ್ಸನ್ನು ಬಿಟ್ಟು ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತವೆ. ರಾತ್ರಿ ಮೋಡ್ ಹಲವು ಚಿತ್ರಗಳನ್ನು ಬೆಸೆಯುವಂಥದ್ದು. ಅಷ್ಟರಲ್ಲಿ ಪ್ರಾಣಿ ಹೆಜ್ಜೆ ಇಟ್ಟರೆ ಚಿತ್ರದಲ್ಲಿ ಅದರ ನೆರಳಷ್ಟೇ ಉಳಿಯುತ್ತದೆ. ರಸ್ತೆ ದಾಟಿದ ಪುನುಗು ಬೆಕ್ಕು ನನಗೆ ಹೀಗೆಯೇ ಕೈತಪ್ಪಿತು. ಗಾಜಿನ ಮೇಲೆ ಮಳೆಹನಿ ಇದ್ದರೆ ಫೋಕಸ್ ಹನಿಯ ಮೇಲೆ ಕೂರುತ್ತದೆ. ಮೊಬೈಲಿನಲ್ಲಿ ನಾನೀಗ ವಿಡಿಯೋ ಮಾತ್ರ ಮಾಡುತ್ತೇನೆ.

ಈಗ ಡಿಎಸ್‌ಎಲ್‌ಆರ್. ಕಾಡಿನ ಚಿತ್ರಕ್ಕೆ 70–300 ಎಂದು ಎಲ್ಲರೂ ಹೇಳುತ್ತಾರೆ, ನಾನೂ ಅದನ್ನೇ ಕೊಂಡೆ. ಬೆಳಗಿನ ಹೊತ್ತಿನಲ್ಲಿ ಚೆನ್ನಾಗಿದೆ. ಮಂಚಿಕೇರಿಯ ಹತ್ತಿರ ಗದ್ದೆಯಂಚಿನ ನವಿಲು, ಬಾರೆಯ ಇಳಿಜಾರಿನಲ್ಲಿ ಮುಸುವಗಳ ಗುಂಪು, ಎಲ್ಲವೂ ಅಚ್ಚುಕಟ್ಟಾಗಿ ಬಂದಿವೆ. ಸಂಜೆ ಮಾತ್ರ ಕೈಕೊಡುತ್ತದೆ. 300ರ ತುದಿಯಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 5.6ಕ್ಕಿಂತ ದೊಡ್ಡದಾಗುವುದಿಲ್ಲ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 6400 ಇಟ್ಟರೂ ಶಟರ್ ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ ಅಷ್ಟು ಹೊತ್ತು ತೆರೆದೇ ಇರುತ್ತದೆ. ಎಂಜಿನ್ ನಡುಗುತ್ತಿರುವ ಗಾಡಿಯಲ್ಲಿ ಚಿತ್ರ ಅಲುಗದೆ ನಿಲ್ಲುವುದಿಲ್ಲ. ಅಂದು ಕೋಣದ ತಲೆ ಅಲುಗಿದ್ದು ಇದರಿಂದಲೇ.

ಮನೆಯಲ್ಲಿ ಮದುವೆ, ಉಪನಯನಗಳ ಚಿತ್ರಕ್ಕೆಂದು ತಂದ 85 ಮಿ.ಮೀ. ಎಫ್ 1.8 ಲೆನ್ಸ್ ಒಂದಿತ್ತು. ಜೂಮ್ ಇಲ್ಲ, ಮುಷ್ಟಿಯಷ್ಟು ಗಾತ್ರ. ಅಕ್ಟೋಬರಿನ ಒಂದು ಶನಿವಾರ ಅದನ್ನೇ ಹಾಕಿಕೊಂಡು ಹೊರಟೆ. ಎಫ್ 5.6ಕ್ಕೂ ಎಫ್ 1.8ಕ್ಕೂ ಬೆಳಕಿನಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು ಅಂತರ. 30ನೇ ಒಂದು ಭಾಗದಲ್ಲಿದ್ದ ಶಟರ್ 250ನೇ ಒಂದು ಭಾಗಕ್ಕೆ ಏರಿತು. ಹದಿನೈದು ಮೀಟರ್‌ನಲ್ಲಿ ಇದರ ಚೌಕಟ್ಟಿನ ಅಗಲ ನಾಲ್ಕು ಮೀಟರ್‌ಗಿಂತ ತುಸು ಹೆಚ್ಚು, ಅಂದರೆ ಕೋಣದ ಇಡೀ ಮೈ, ಸುತ್ತ ಒಂದಿಷ್ಟು ಕಾಡು. 300ರಲ್ಲಿ ಅದೇ ಅಗಲ ಒಂದು ಮೀಟರ್ ಚಿಲ್ಲರೆ. ಜೂಮ್ ತಿರುಗಿಸುವ ಕೆಲಸವೂ ಇಲ್ಲ: ಎತ್ತುವುದು, ಒತ್ತುವುದು.

ಆ ಸಂಜೆ ರಾಗಿಹೊಸಳ್ಳಿಗೆ ಸ್ವಲ್ಪ ಮೊದಲು ಕಾಡುಕುರಿಯೊಂದು ರಸ್ತೆಯ ನಡುವೆ ನಿಂತು ನಮ್ಮನ್ನೇ ನೋಡಿತು. ಆರು ಚಿತ್ರ ತೆಗೆದೆ, ನಾಲ್ಕು ನಿಂತವು. ಒಂದರಲ್ಲಿ ಎತ್ತಿದ ಮುಂಗಾಲು, ಗೊರಸಿಗೆ ಅಂಟಿದ ಒದ್ದೆ ತರಗೆಲೆ, ಕಣ್ಣಿನೊಳಗೆ ನಮ್ಮ ಗಾಡಿಯ ಸಣ್ಣ ದೀಪ. ಹಗಲಿಗೆ 70–300, ಐದು ಗಂಟೆಯ ಮೇಲೆ 85. ಘಟ್ಟದ ದಾರಿಗೆ ನನ್ನ ಆಯ್ಕೆ ಇದೇ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಯಾವ ಕ್ಯಾಮೆರಾ ಆದರೂ ಕರಾವಳಿಯ ಹವೆಗೆ ತಗ್ಗಲೇಬೇಕು. ಎಸಿ ಹಾಕಿದ ಗಾಡಿಯಿಂದ ಹೊರಕ್ಕೆ ಚಾಚಿದ ತಣ್ಣನೆಯ ಲೆನ್ಸಿಗೆ ಕ್ಷಣದಲ್ಲಿ ಮಂಜು ಕವಿಯುತ್ತದೆ, ಒರೆಸಿದರೆ ಮತ್ತೆ ಕವಿಯುತ್ತದೆ. ಘಟ್ಟದ ಬುಡದಲ್ಲೇ ಎಸಿ ನಿಲ್ಲಿಸಿ, ಕಿಟಕಿ ಇಳಿಸಿ. ಮನೆಯಲ್ಲಿ ಲೆನ್ಸುಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಚರ್ಮದ ಚೀಲದಲ್ಲಿ ಎರಡು ಮಳೆಗಾಲ ಕಳೆದ ನನ್ನ ಹಳೆಯ ಲೆನ್ಸಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಕತ್ತಲಿಗೆ ಹಿಗ್ಗಿದ ಕಣ್ಣಿಗೆ ಆ ಬೆಳಕು ಹೊಡೆದರೆ ಪ್ರಾಣಿ ದಿಕ್ಕುಗಾಣದೆ ಎದುರಿನ ಲಾರಿಯ ಕಡೆಗೇ ಓಡಬಹುದು. ಗಾಡಿಯಿಂದ ಇಳಿಯುವುದೂ ಬೇಡ. ತಿರುವಿನಲ್ಲಿ ಹಿಂದೆ ಗಾಡಿ ಬರುತ್ತಿದ್ದರೆ ನಾವು ನಿಲ್ಲಿಸುವುದೇ ಇಲ್ಲ, ಎದುರಿಗೆ ಏನೇ ನಿಂತಿರಲಿ.

ಡ್ಯಾಶ್‌ಕ್ಯಾಮ್ ಅನ್ನು ಕೊನೆಗೆ ಉಳಿಸಿಕೊಂಡೆ. ಚಿತ್ರದ ಗುಣದಲ್ಲಿ ಇದು ಎಲ್ಲಕ್ಕಿಂತ ಕೆಳಗೆ. ಅಗಲದ ಲೆನ್ಸ್, ಮುಂದೆ ಗಾಜು, ಸಂಜೆಯಾದರೆ ಎಲ್ಲವೂ ಕಲಸಿದಂತೆ. ಮೆಮೊರಿ ತುಂಬಿದಾಗ ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ; ಲಾಕ್ ಗುಂಡಿ ಒತ್ತಲು ಮರೆತು ಮುಳ್ಳುಹಂದಿಯ ಇಡೀ ಸಂಸಾರವನ್ನು ಕಳೆದುಕೊಂಡಿದ್ದೇನೆ. ಆದರೆ ಅದಕ್ಕೆ ಯಾರೂ "ಎಡಗಡೆ" ಎಂದು ಹೇಳಬೇಕಾಗಿಲ್ಲ.

ಕಳೆದ ಜನವರಿಯಲ್ಲಿ ಅಣಶಿ ಘಟ್ಟ ಇಳಿಯುತ್ತಿದ್ದೆವು. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಾರಿ. ಸೂರ್ಯ ಮುಳುಗಿತ್ತು, ದೀಪ ಹಾಕಿದ್ದೆವು. ಕಪ್ಪಗೆ ಏನೋ ಬಲದಿಂದ ಎಡಕ್ಕೆ ಹರಿದು ಹೋಯಿತು. "ನಾಯಿ ಇರಬೇಕು ಮಾವ" ಎಂದ ಅಳಿಯ. ನಾನು 85 ಅನ್ನು ಎದೆಯ ಮಟ್ಟಕ್ಕೂ ಎತ್ತಿರಲಿಲ್ಲ. ಈ ಸಲ ಲಾಕ್ ಗುಂಡಿಯನ್ನು ಮರೆಯಲಿಲ್ಲ. ಕದ್ರಾದಲ್ಲಿ ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಮೊಬೈಲಿಗೆ ಇಳಿಸಿಕೊಂಡು ಒಂದೊಂದೇ ಫ್ರೇಮ್ ಸರಿಸುತ್ತ ಹೋದೆವು. ಇಪ್ಪತ್ತಾರು ಫ್ರೇಮ್‌ಗಳಲ್ಲಿ ಅದು ಇತ್ತು. ಹದಿನಾಲ್ಕನೆಯದರಲ್ಲಿ ಮೈ ನೀಳವಾಗಿ ಚಾಚಿತ್ತು, ತಲೆ ತಗ್ಗಿತ್ತು, ಮೈಯಷ್ಟೇ ಉದ್ದ ಎನ್ನಿಸುವ ಬಾಲ ನೆಲಕ್ಕೆ ತಾಗದಂತೆ ಬಾಗಿ ತುದಿಯಲ್ಲಿ ಮತ್ತೆ ಮೇಲೆದ್ದಿತ್ತು. ಕರಿ ಚಿರತೆ. ಅಳಿಯ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಫ್ರೇಮನ್ನೇ ನೋಡುತ್ತ ಕುಳಿತ. ಚಹಾ ಎರಡು ಸಲ ಬಿಸಿ ಮಾಡಿಸಬೇಕಾಯಿತು.