ಪಿಪೆಟ್ ಪುಲ್ಲರ್: ಧಾರವಾಡದಲ್ಲಿ 4 ಮಳೆಗಾಲ ಕಳೆದ ಮೇಲೆ

ಮಿಡತೆಯ ನರಕೋಶದೊಳಗೆ ಎಲೆಕ್ಟ್ರೋಡ್ ಇಳಿಸಿ, ಕೋಶ ಬದುಕಿರುವಾಗಲೇ ಅದರ ವೋಲ್ಟೇಜ್ ಅಳೆಯುವುದು ನನ್ನ ಕೆಲಸ. ಅದಕ್ಕೆ ಬೇಕಾದ ಗಾಜಿನ ಸೂಜಿ ಮಾಡುವ ಈ ಮಷಿನ್ ನಮ್ಮ ಲ್ಯಾಬಿಗೆ ಬಂದು 4 ವರ್ಷವಾಯಿತು. ಮಷಿನ್ ತುಂಬಾ ಚೆನ್ನಾಗಿದೆ. ಆದರೆ ತಗೊಳ್ಳುವವರು ನಮ್ಮ ಕಡೆಯ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

1 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆಯನ್ನು ಎರಡೂ ಕಡೆ ಹಿಡಿದು, ನಡುಭಾಗವನ್ನು ಪ್ಲಾಟಿನಂ-ಇರಿಡಿಯಂ ಫಿಲಮೆಂಟಿನಲ್ಲಿ ಕಾಯಿಸಿ, ಮೆತ್ತಗಾದ ಕೂಡಲೇ ಫಟ್ ಅಂತ ಎಳೆಯುತ್ತದೆ. ಒಂದು ಕೊಳವೆಗೆ ಎರಡು ಸೂಜಿ. ತುದಿ 100 ನ್ಯಾನೋಮೀಟರಿನ ಆಸುಪಾಸು, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿ ರೆಸಿಸ್ಟೆನ್ಸ್ ನೋಡುತ್ತೇವೆ, ತುದಿ ಸಣ್ಣದಾದಷ್ಟೂ ಅದು ಜಾಸ್ತಿ. 80ರಿಂದ 100 ಮೆಗಾಓಮ್ ಬಂತೆಂದರೆ ಆ ದಿನ ಕೆಲಸ ಆದ ಹಾಗೆಯೇ.

ಒಳ್ಳೆ ತುದಿ ಅಂದರೆ ಏನು ಅಂತ ಕೋಶಕ್ಕೆ ಚುಚ್ಚಿದಾಗಲೇ ಗೊತ್ತಾಗುವುದು. ಸೂಜಿ ಕೋಶದ ಮೈಗೆ ತಾಗಿದ ಮೇಲೆ ಆಂಪ್ಲಿಫೈಯರಿನ ಬಝ್ ಬಟನ್ (ಸೂಜಿಯಲ್ಲಿ ಕರೆಂಟನ್ನು ಅದುರಿಸಿ ತುದಿಯನ್ನು ಕೋಶದೊಳಗೆ ನುಗ್ಗಿಸುವಂಥದ್ದು) ಒಂದು ಕ್ಷಣ ಒತ್ತುತ್ತೇನೆ. ಸ್ಕ್ರೀನಿನ ಮೇಲೆ ಸೊನ್ನೆಯಲ್ಲಿದ್ದ ವೋಲ್ಟೇಜ್ ಗೆರೆ ದಬಕ್ಕನೆ ಮೈನಸ್ 55 ಮಿಲಿವೋಲ್ಟಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಸ್ಪೀಕರಿನಲ್ಲಿ ಟಪ್ ಟಪ್ ಅಂತ ಸ್ಪೈಕ್, ಅಂದರೆ ನರಕೋಶದ ವಿದ್ಯುತ್ ಮಿಡಿತ, ಕೇಳಿಸುತ್ತದೆ. ತುದಿ ದಪ್ಪಗಿದ್ದರೆ ಗೆರೆ ಇಳಿದರೂ ನಿಲ್ಲುವುದಿಲ್ಲ, ಕೋಶ ಸೋರಿ ನಿಮಿಷದೊಳಗೆ ಮತ್ತೆ ಮೇಲಕ್ಕೆ ಬರುತ್ತದೆ. ಲಿಂಗ್ ಮತ್ತು ಜೆರಾರ್ಡ್ ಎಂಬ ವಿಜ್ಞಾನಿಗಳು 1949ರಲ್ಲಿ ಕಪ್ಪೆಯ ಸ್ನಾಯುವಿಗೆ ಇಂಥದ್ದೇ ಗಾಜಿನ ತುದಿ ಚುಚ್ಚಿ ಅಳೆದಿದ್ದರು. ಈಗ ಕೋಶದ ವೋಲ್ಟೇಜ್ ಅಳೆಯಲು ನ್ಯಾನೋ ಕಂಬಗಳಿರುವ ಎಲೆಕ್ಟ್ರಾನಿಕ್ ಚಿಪ್‌ಗಳೂ ಬಂದಿವೆ, ಆದರೆ ಒಂದೇ ಕೋಶವನ್ನು ಆರಿಸಿ ಚುಚ್ಚಬೇಕು ಅಂದರೆ ನನಗೆ ಗಾಜೇ ಬೇಕು.

ಇನ್ನು ಮಳೆಯ ವಿಷಯ. ಎಳೆಯುವಾಗ ಫಿಲಮೆಂಟನ್ನು ತಣ್ಣಗಾಗಿಸಲು ಮಷಿನ್ ಗಾಳಿ ಊದುತ್ತದೆ. ಅದರಲ್ಲಿ ತೇವ ಜಾಸ್ತಿಯಾದರೆ ಒಂದೊಂದು ಸೂಜಿ ಒಂದೊಂದು ಥರ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಒಳಗಿನ, ತೇವ ಹೀರುವ ನೀಲಿ ಸಿಲಿಕಾ ಜೆಲ್ ವಾರದೊಳಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ವರ್ಷ ಇದು ತಿಳಿಯದೆ ಸುಮ್ನೆ ಸೆಟ್ಟಿಂಗ್ ಬದಲಿಸುತ್ತಾ ಎರಡು ಪ್ಯಾಕೆಟ್ ಗಾಜು ಹಾಳಾಯಿತು. ಈಗ ಪ್ರತಿ ಸೋಮವಾರ ಜೆಲ್ ಓವನ್ನಿನಲ್ಲಿ ಒಣಗಿಸಿಯೇ ಕೆಲಸ ಶುರು.

ಬೇಜಾರಾಗಿದ್ದು ಸರ್ವಿಸ್ ನೋಡಿ. ಫಿಲಮೆಂಟ್ ಜೋತು ಬಿದ್ದಾಗ ಡೀಲರ್ ಹೊಸದನ್ನು ತರಿಸಿಕೊಡಲು 11 ವಾರ ತಗೊಂಡರು, ಜೂನಿಯರ್ ಒಬ್ಬಳ ಇಡೀ ಸೆಮಿಸ್ಟರಿನ ಕೆಲಸ ನಿಂತುಹೋಯಿತು. ಅದಕ್ಕೇ ಮಷಿನ್ ಜೊತೆಗೇ ಎರಡು ಫಿಲಮೆಂಟ್ ತರಿಸಿಟ್ಟುಕೊಳ್ಳಿ. ಹೊಸದು ಹಾಕಿದ ಮೇಲೆ ರ‍್ಯಾಂಪ್ ಟೆಸ್ಟ್ (ಗಾಜು ಎಷ್ಟು ಹೀಟಿಗೆ ಕರಗುತ್ತದೆ ಅಂತ ನೋಡುವುದು) ಮಾಡದೆ ಹಳೆಯ ಹೀಟ್ ನಂಬರಿನಲ್ಲೇ ಓಡಿಸಬೇಡಿ, ಫಿಲಮೆಂಟೇ ಸುಟ್ಟುಹೋಗಬಹುದು.